ಕೊನೆಯ ಪುಟ ನನಗೇ ಮೀಸಲು

ಹತ್ತನೇ ಕ್ಲಾಸಿನ ಮಗುವಿರುವ ಮನೆಯಲ್ಲಿ ಮಾರ್ಚ್ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಟಿವಿಗೆ ಬಟ್ಟೆ ಹೊದಿಸಿರುತ್ತಾರೆ. ಸೀನು ಬಂದರೆ ಬಾಲ್ಕನಿಗೆ ಹೋಗಬೇಕು. ಮನೆಯ ಯಜಮಾನ ಅನ್ನಿಸಿಕೊಂಡವನು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಾನೆ. ನಿಮ್ಮ ಮನೆಯಲ್ಲೂ ಹೀಗೇ, ಸುಮ್ಮನೆ ಇಲ್ಲ ಅನ್ನಬೇಡಿ. 625 ಅಂಕಗಳಿಗಾಗಿ ಇಷ್ಟೆಲ್ಲ ತ್ಯಾಗ ಮಾಡಿದ್ದ ನಾನು, ಒಂದು ರಾತ್ರಿ ಹನ್ನೊಂದಾದರೂ ಮಗಳ ಕೋಣೆಯ ದೀಪ ಆರದ್ದನ್ನು ಕಂಡು ಎದೆಯುಬ್ಬಿಸಿ, ಬಾದಾಮಿ ಹಾಲು ಹಿಡಿದುಕೊಂಡು ಒಳಗೆ ಹೋದೆ. ಅವಳು ಮಂಚದ ತುಂಬ ಸ್ಕೆಚ್ ಪೆನ್ನು ಹರಡಿಕೊಂಡು ಸ್ಲ್ಯಾಮ್ ಬುಕ್ಕಿನಲ್ಲಿ ಮುಳುಗಿದ್ದಳು.

ಸೆಂಡ್‌ಆಫ್ ಹತ್ತಿರ ಬಂದಿತ್ತು. ಪುಟಕ್ಕೊಬ್ಬರು ಬರೆಯಬೇಕು. ಹೆಸರು, ಅಡ್ಡಹೆಸರು, ಮೆಚ್ಚಿನ ತಿಂಡಿ, ಮೆಚ್ಚಿನ ಹೀರೋ, ಫಸ್ಟ್ ಕ್ರಶ್, ಮುಂದೆ ಏನಾಗ್ತೀಯ, ಪದೇ ಪದೇ ಹೇಳೋ ಮಾತು. ಕೆಳಗೆ ವಿದಾಯದ ನಾಲ್ಕು ಸಾಲಿಗೆ ಜಾಗ. ಮಗಳು ಹಾಲು ಕುಡಿಯುವಷ್ಟರಲ್ಲಿ ನಾನು ಕದ್ದು ಓದಿದೆ. ಕ್ಲಾಸಿಗೇ ಫಸ್ಟ್ ಬರುವ ಹುಡುಗಿ ಪದೇ ಪದೇ ಹೇಳುವ ಮಾತಂತೆ: ‘ಏನೂ ಓದಿಲ್ಲ ಕಣೇ.’ ಇನ್ನೊಬ್ಬನದು, ‘ಮಿಸ್, ಇದು ಎಕ್ಸಾಮ್‌ಗೆ ಬರುತ್ತಾ?’ ಮತ್ತೊಬ್ಬನದು, ‘ಸೀನ್ ಇಲ್ಲ ಗುರೂ.’ ಮುಂದೆ ಏನಾಗ್ತೀಯ ಅನ್ನುವಲ್ಲಿ ಅವನು ‘ಮೊದಲು ಪಾಸಾಗ್ತೀನಿ, ಆಮೇಲೆ ನೋಡೋಣ’ ಅಂತ ಬರೆದಿದ್ದ. ವಿದಾಯಗಳಂತೂ ಕಲ್ಲನ್ನೂ ಕರಗಿಸುವಂಥವು. ‘ಮೂರು ವರ್ಷ ನಿನ್ನ ಟಿಫನ್ ಬಾಕ್ಸ್ ತಿಂದೆ. ತುಂಬಾ ಮಿಸ್ ಮಾಡ್ಕೋತೀನಿ. ನಿನ್ನನ್ನಲ್ಲ, ನಿಮ್ಮಮ್ಮನ ಪುಳಿಯೋಗರೇನ.’ ಮುಂದಿನ ಪುಟದಲ್ಲಿ, ‘ನಿನ್ನ ಪೇಪರ್ ನೋಡಿಕೊಂಡೇ ಬರೆದೆ, ಆದರೂ ನಿನಗಿಂತ ಎರಡು ಮಾರ್ಕ್ ಜಾಸ್ತಿ ಬಂತು. ಇವತ್ತು ಸಾರಿ ಕೇಳ್ತಿದೀನಿ, ವಾಪಸ್ ಕೊಡಲ್ಲ.’

ನನ್ನೊಳಗಿನ ಸಾಹಿತಿ ಎದ್ದು ಕೂತ. ವಾಚಕರ ವಾಣಿಯಲ್ಲಿ ನನ್ನ ಪತ್ರಗಳು ಅಚ್ಚಾಗಿವೆ ಅನ್ನುವುದನ್ನು ಈ ಹಿಂದೆಯೂ ಎಲ್ಲೋ ಹೇಳಿರಬೇಕು. “ನನಗೂ ಒಂದು ಪುಟ ಕೊಡು ಮಗಳೇ” ಅಂದೆ.

“ಇದು ಫ್ರೆಂಡ್ಸ್‌ಗೆ ಅಪ್ಪಾ.”

“ಅಪ್ಪನೂ ಫ್ರೆಂಡೇ ಅಲ್ವೇನೇ?”

“ಅದನ್ನ ಅಪ್ಪಂದಿರು ಮಾತ್ರ ಹೇಳೋದು.”

ಹೋಗಲಿ ಬಿಡು ಅಂತ ಎರಡು ಪುಟ ತಿರುವಿದರೆ, ಅಲ್ಲಿ ನನ್ನಾಕೆಯ ಅಕ್ಷರ! ಅದರ ಪಕ್ಕದಲ್ಲಿ ನನ್ನ ತಾಯಿ ಹೇಳಿ ಬರೆಸಿದ ಪುಟ! ಎಂಬತ್ತರ ಹೊಸ್ತಿಲಲ್ಲಿರುವ ನಮ್ಮಮ್ಮ ಫಸ್ಟ್ ಕ್ರಶ್ ಅನ್ನುವಲ್ಲಿ ಕಲ್ಯಾಣ್ ಕುಮಾರ್ ಹೆಸರು ಬರೆಸಿದ್ದರು. ತೀರಿಹೋದ ನಮ್ಮಪ್ಪನಿಗೆ ಈ ವಿಷಯ ತಿಳಿದಿತ್ತೋ ಇಲ್ಲವೋ. ಹೆಂಗಸರಿಗೆಲ್ಲ ಪುಟ, ನನಗೆ ಮಾತ್ರ ಇಲ್ಲ ಅಂತ ನಾನು ಗೋಳಾಡಿದ ಮೇಲೆ ಮಗಳು ರಫ್ ನೋಟಿನ ಹಾಳೆಯೊಂದನ್ನು ಹರಿದು ಕೊಟ್ಟಳು. “ಇದರಲ್ಲಿ ಬರಿ, ಚೆನ್ನಾಗಿದ್ರೆ ಅಂಟಿಸ್ಕೋತೀನಿ.”

ಪದೇ ಪದೇ ಹೇಳೋ ಮಾತು ಅನ್ನುವಲ್ಲಿ ಕಾಯಕ, ಕೈಲಾಸ ಅಂತೇನಾದರೂ ಘನವಾದದ್ದನ್ನು ಬರೆಯಬೇಕೆಂದಿದ್ದೆ. ಬೆಳಗಿನ ಕಾಫಿಯ ಹೊತ್ತಿಗೆ ಅದು ಇಡೀ ಮನೆಯ ಚರ್ಚೆಯಾಯಿತು. ನಾನು ಪದೇ ಪದೇ ಹೇಳುವುದು ‘ಕನ್ನಡಕ ಎಲ್ಲಿಟ್ಟೆ?’ ಅಂತ, ಅಂದಳು ನನ್ನಾಕೆ. “ಅಲ್ಲಮ್ಮ, ‘ಐದೇ ನಿಮಿಷ, ಬಂದೆ’” ಅಂದಳು ಮಗಳು. ಕೊನೆಗೆ ‘ನಮ್ಮ ಕಾಲದಲ್ಲಿ’ ಅನ್ನುವುದು ಮೂರು-ಒಂದು ಮತಗಳಿಂದ ಗೆದ್ದಿತು. ನಮ್ಮಮ್ಮ ಕೂಡ ನನ್ನ ವಿರುದ್ಧವೇ ಕೈಯೆತ್ತಿದರು. “ನಮ್ಮ ಕಾಲ ಅನ್ನೋಕೆ ನಾನಿದೀನಿ ಕಣೋ. ನಿಂದ್ಯಾವ ಕಾಲ?”

ನಂದ್ಯಾವ ಕಾಲ ಅಂತ ತೋರಿಸಿಯೇ ಬಿಡುತ್ತೇನೆ ಅಂತ ಸ್ಟೂಲು ಹಾಕಿ ಅಟ್ಟ ಹತ್ತಿದೆ. ತಲೆ ಎರಡು ಕಡೆ ತಗುಲಿತು. ಹಿತ್ತಾಳೆ ಚೊಂಬೊಂದು ತಾನಾಗಿ ಕೆಳಗೆ ಬಿತ್ತು. ಮಗಳು “ಇಲ್ಲಿ ಓದ್ತಾ ಇದೀನಿ” ಅಂತ ಕಿರುಚಿದಳು. ಆದರೆ ಟ್ರಂಕಿನ ತಳದಲ್ಲಿ ಅದು ಸಿಕ್ಕಿತು: 1991ರ ಮಾರ್ಚಿನ ನನ್ನ ಆಟೋಗ್ರಾಫ್. ಅಂಗೈ ಅಗಲದ ಉದ್ದುದ್ದ ಪುಸ್ತಕ, ರಟ್ಟಿನ ಮೇಲೆ ಗುಲಾಬಿ ಹೂವು, ಒಳಗೆ ಗುಲಾಬಿ, ಹಳದಿ, ತಿಳಿಹಸಿರು ಹಾಳೆಗಳು. ನಾನು ಓದಿದ್ದು ಅರಸೀಕೆರೆ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ. ಬಿಳಿ ಅಂಗಿ, ಖಾಕಿ ಚಡ್ಡಿ. ಮೀಸೆ ಚಿಗುರಿದರೂ ಚಡ್ಡಿ ತಪ್ಪಿರಲಿಲ್ಲ.

ಮೊದಲ ಪುಟಗಳು ಮೇಷ್ಟರುಗಳಿಗೆ ಮೀಸಲು. ಅಲ್ಲೆಲ್ಲ ಶುಭವಾಗಲಿ, ಬಾಳು ಬೆಳಗಲಿ. ಗಣಿತದ ಮೇಷ್ಟ್ರು ಮಾತ್ರ ನನ್ನನ್ನು ಚೆನ್ನಾಗಿ ಬಲ್ಲವರು: ‘ಲೆಕ್ಕ ತಪ್ಪಿದರೂ ಕ್ರಮ ಬರೆ.’ ಅಲ್ಲಿಂದ ಮುಂದೆ ಹುಡುಗರ ರಾಜ್ಯ. ಹಿಂದಿನ ವರ್ಷ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ನಮ್ಮ ಕ್ಲಾಸಿನ ಅರ್ಧ ಹುಡುಗರು ನನಗೆ ವಿದಾಯ ಹೇಳುವುದು ಬಿಟ್ಟು ಶಂಕರಣ್ಣನಿಗೆ ವಿದಾಯ ಹೇಳಿದ್ದರು. ಒಬ್ಬ ‘ಆಟೋ ರಾಜ’ನ ನೆನಪಿಗೆ ಅರ್ಧ ಪುಟ ಆಟೋ ಚಿತ್ರ ಬರೆದು, ‘ಓದಿದರೆ ಡಿಸಿ, ಓದದಿದ್ದರೆ ಆಟೋ, ಹೆದರಬೇಡ ಗೆಳೆಯ’ ಅಂತ ಸಹಿ ಹಾಕಿದ್ದ. ಅವನಿಗೀಗ ತುಮಕೂರಿನಲ್ಲಿ ಸ್ವಂತ ಆಟೋಗಳೇ ಏಳೆಂಟಿವೆ. ನನಗೆ ಮಳೆ ಬಂದಾಗ ಒಂದೂ ಸಿಗುವುದಿಲ್ಲ.

ನಾನು ಬೇಕೆಂದೇ ನಿಧಾನವಾಗಿ ತಿರುವಿದ್ದು ತಿಳಿಹಸಿರು ಪುಟವನ್ನು. ಅದು ನಮ್ಮ ಶಾಲೆಯಲ್ಲೇ ಅತಿ ಚೆಂದದ ಹುಡುಗಿಯ ಪುಟ. ನೀಲಿ ಲಂಗ, ಎರಡು ಜಡೆ, ಕನಕಾಂಬರ. ಹೆಂಡತಿಗೆ ಒಂದಿಷ್ಟಾದರೂ ಹೊಟ್ಟೆಕಿಚ್ಚಾಗಲಿ ಅನ್ನುವ ಆಸೆ ಯಾವ ಗಂಡನಿಗಿಲ್ಲ? ನನ್ನಾಕೆ ಕೈಯೊರೆಸಿಕೊಂಡು ಬಂದು, ಪುಸ್ತಕ ಇಸಿದುಕೊಂಡು ಗಟ್ಟಿಯಾಗಿ ಓದಿದಳು: ‘ಅಣ್ಣಾ, ಚೆನ್ನಾಗಿ ಓದಿ ತಂದೆ ತಾಯಿಗೆ ಒಳ್ಳೇ ಹೆಸರು ತಾ. ಇಂತಿ ನಿನ್ನ ಪ್ರೀತಿಯ ಸಹೋದರಿ.’ ಪುಟ ತಿರುವಿದಳು. ಅಲ್ಲಿ ಇನ್ನೊಬ್ಬ ಸಹೋದರಿ. ಮತ್ತೆ ತಿರುವಿದಳು, ಮತ್ತೊಬ್ಬಳು. ನಮ್ಮ ಕ್ಲಾಸಿನ ಹೆಣ್ಣುಮಕ್ಕಳೆಲ್ಲ ಒಟ್ಟಾಗಿ ತೀರ್ಮಾನ ಮಾಡಿಕೊಂಡು ಬರೆದಂತಿತ್ತು. “ರೀ, ಇಷ್ಟೊಂದು ಜನ ನಾದಿನಿಯರಿದ್ದಾರೆ ಅಂತ ಮದುವೆಗೆ ಮುಂಚೆ ಹೇಳಬಾರದಿತ್ತಾ? ಗೌರಿ ಹಬ್ಬಕ್ಕೆ ಬಾಗಿನದ ಲೆಕ್ಕ ಸಿಗ್ತಿತ್ತು” ಅಂದಳು. ಹೊಟ್ಟೆಕಿಚ್ಚು ಹೋಗಲಿ, ಮುಖದಲ್ಲಿ ಕನಿಕರ ಕಾಣಿಸಿತು. ಅದೇ ತಡೆಯಲಾಗಲಿಲ್ಲ.

ಸೋತ ಗಂಡಸಿಗೆ ಇತಿಹಾಸವೇ ಗತಿ. “ಇದೇನು ನಗುವ ವಿಷಯ ಅಂದ್ಕೊಂಡ್ರಾ?” ಅಂತ ಶುರುಮಾಡಿದೆ. “ಜರ್ಮನಿಯ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಹುಡುಗರು 1540ರ ದಶಕದಲ್ಲೇ ಹೀಗೆ ಪುಸ್ತಕ ಇಟ್ಕೊಂಡು ಮಾರ್ಟಿನ್ ಲೂಥರ್, ಮೆಲಾಂಖ್ಟನ್ ಥರದ ಮೇಷ್ಟರುಗಳ ಹತ್ರ ಬರೆಸ್ಕೋತಿದ್ರು. 1792ರಲ್ಲಿ ಬೀಥೋವನ್ ಬಾನ್ ಬಿಟ್ಟು ವಿಯೆನ್ನಾಕ್ಕೆ ಹೊರಟಾಗ ಅವನ ಗೆಳೆಯರೂ ಇಂಥದೇ ಒಂದು ಪುಸ್ತಕ ತುಂಬಿಸಿ ಕೊಟ್ಟಿದ್ರು. ಆಗವನಿಗೆ ಇಪ್ಪತ್ತೊಂದು. ಮೊಟ್ಸಾರ್ಟ್ ತೀರ್ಕೊಂಡು ವರ್ಷ ತುಂಬಿರಲಿಲ್ಲ. ವಾಲ್ಡ್‌ಸ್ಟೈನ್ ಅನ್ನೋ ಶ್ರೀಮಂತ, ಮೊಟ್ಸಾರ್ಟ್‌ನ ಚೇತನ ಹೈಡನ್ ಕೈಯಿಂದ ನಿನಗೆ ದಕ್ಕುತ್ತೆ ಅನ್ನೋ ಅರ್ಥ ಬರೋ ಹಾಗೆ ಬರೆದ. ಆಮೇಲೆ ಏನಾಯ್ತು? ಇಡೀ ಪ್ರಪಂಚಕ್ಕೇ ಗೊತ್ತು!”

“ನಿನಗೇನು ಬರೆದಿದಾರೆ ಅಪ್ಪಾ?” ಅಂತ ಮಗಳು ಹಳದಿ ಪುಟ ತೆಗೆದಳು. ‘ನೀನು ದೊಡ್ಡ ಕವಿಯಾಗುತ್ತೀಯ. ಆಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಾತಾಡಿಸು.’

“ಬಸ್ ಸ್ಟ್ಯಾಂಡಿನ ತನಕ ನಿಜವಾಗಿದೆ” ಅಂದಳು ನನ್ನಾಕೆ.

ಮಗಳಿಗೆ ನನ್ನ ಮೇಲೆ ಮರುಕ ಹುಟ್ಟಿರಬೇಕು. ಜರ್ಮನಿ ಬಿಟ್ಟು ಜಪಾನಿನ ಕಥೆ ಹೇಳಿದಳು. ಅವಳು ನೋಡುವ ಕಾರ್ಟೂನುಗಳೆಲ್ಲ ಜಪಾನಿನವು. ಅಲ್ಲೂ ಶಾಲೆಯ ವರ್ಷ ಮುಗಿಯುವುದು ಮಾರ್ಚಿನಲ್ಲೇ ಅಂತೆ. ಹುಡುಗರದು ಉದ್ದ ಸಾಲು ಗುಂಡಿಯ ಕಪ್ಪು ಕೋಟಿನ ಯೂನಿಫಾರ್ಮು. ನಮ್ಮ ಹೈಸ್ಕೂಲಿನ ವಯಸ್ಸಿಗೆ ಅಲ್ಲಿ ಶಾಲೆ ಬಿಡುವ ದಿನ, ಹುಡುಗಿ ತನಗೆ ಇಷ್ಟವಾದ ಹುಡುಗನ ಹತ್ತಿರ ಕೋಟಿನ ಎರಡನೇ ಗುಂಡಿ ಕೇಳಿ ಪಡೆಯುತ್ತಾಳಂತೆ. ಎರಡನೆಯದೇ ಯಾಕೆಂದರೆ ಹೃದಯಕ್ಕೆ ಹತ್ತಿರವಿರುವುದು ಅದೇ. ಎಂಥ ಸಂಸ್ಕೃತಿ! ಸಹೋದರಿಯರ ಕಾಟವೇ ಇಲ್ಲ. ನಾನು ಕೂಡಲೇ ಅಂಗಿಯ ಎರಡನೇ ಗುಂಡಿಗೆ ಕೈಹಾಕಿ ನನ್ನಾಕೆಯ ಕಡೆ ಅರ್ಥಗರ್ಭಿತವಾಗಿ ನೋಡಿದೆ.

“ಅದನ್ಯಾಕೆ ಕೀಳ್ತೀರಿ? ಹೊಟ್ಟೆ ಹತ್ರದ ನಾಲ್ಕನೇದು ಮೊನ್ನೆಯೇ ಹಾರಿಹೋಗಿದೆ, ಅದನ್ನ ಹುಡುಕಿಕೊಡಿ, ಹೊಲೀತೀನಿ.”

ಇಷ್ಟಕ್ಕೇ ಸುಮ್ಮನಾಗಿದ್ದರೆ ಮಾನ ಉಳಿಯುತ್ತಿತ್ತು. ನಾನು ಆಟೋಗ್ರಾಫಿನ ಒಂದು ಪುಟದ ಫೋಟೋ ತೆಗೆದು ನಮ್ಮ 91ರ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ದಿನಾ ಬೆಳಗ್ಗೆ ಗುಲಾಬಿ ಹೂವಿನ ಶುಭೋದಯ ಬಿಟ್ಟರೆ ಬೇರೇನೂ ಕಾಣದಿದ್ದ ಗುಂಪು ದಡಬಡಿಸಿ ಎದ್ದಿತು. ಎಲ್ಲರೂ ತಂತಮ್ಮ ಅಟ್ಟ ಹತ್ತಿದರು. ಸಂಜೆಯೊಳಗೆ ನನ್ನದೇ ದುಂಡಗಿನ ಅಕ್ಷರದ ಪುಟಗಳು ಒಂದೊಂದಾಗಿ ಬಂದು ಬೀಳತೊಡಗಿದವು. ಆಗಿನ ಕಾಲಕ್ಕೆ ನಾನು ಶಾಲೆಯ ಆಸ್ಥಾನಕವಿ. ಮಿಕ್ಕವರು ಕೇಳಿದ್ದು ನೋಡಿದ್ದನ್ನೇ ಬರೆಯುತ್ತಿದ್ದರೆ ನಾನು ಸ್ವಂತದ್ದನ್ನೇ ಬರೆಯುತ್ತಿದ್ದೆ. ಅದು ಹೀಗಿತ್ತು:

ಮುಗಿಲ ಮುಟ್ಟುವ ಮರವಾಗು ರವಿ,
ನಗುವ ಹೂವಿನ ಮನವಾಗು;
ಮರೆತೆಯಾದರೆ ನನ್ನನು ರವಿ,
ಮರದಡಿ ಬಿದ್ದ ಎಲೆಯಾಗು.

ಕವಿತೆ ಚೆನ್ನಾಗಿದೆ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ತೊಂದರೆ ಏನೆಂದರೆ ಅದು ಎಲ್ಲರ ಪುಸ್ತಕದಲ್ಲೂ ಇತ್ತು. ಎರಡಕ್ಷರದ ಹೆಸರಿನವರಿಗೆಲ್ಲ ಸರಾಗವಾಗಿ ಕೂತಿತ್ತು. ವೆಂಕಟೇಶಮೂರ್ತಿಗೆ ಬಂದಾಗ ಹೆಸರು ಸಾಲು ದಾಟಿ ಅಂಚಿಗೆ ಹೋಗಿ, ಅಲ್ಲಿಂದ ಕೆಳಗಿಳಿದು, ‘ಮೂರ್ತಿ’ ಪುಟದ ಬುಡದಲ್ಲಿ ಪ್ರತಿಷ್ಠಾಪನೆಯಾಗಿತ್ತು. ಒಬ್ಬಾತನದರಲ್ಲಂತೂ ‘ರವಿ’ಗೆ ಗೀಟು ಹಾಕಿ ಮೇಲೆ ‘ಗುರು’ ಅಂತ ತಿದ್ದಿತ್ತು. “ನನಗೊಬ್ಬನಿಗೇ ಬರೆದದ್ದು ಅಂತ ಇಷ್ಟು ವರ್ಷ ಬೀರುವಿನಲ್ಲಿಟ್ಟಿದ್ದೆ ಕಣೋ ಪಾಪಿ” ಅಂತ ಅವನು ದನಿ ಸಂದೇಶ ಕಳಿಸಿದ. ನನ್ನಾಕೆ ಅದನ್ನು ಎರಡು ಸಲ ಕೇಳಿದಳು. ಆಮೇಲೆ ತಣ್ಣಗೆ, “ನಿಶ್ಚಿತಾರ್ಥ ಆದ ಮೇಲೆ ನನಗೊಂದು ಕಾಗದ ಬರೆದಿದ್ರಿ, ಅದರಲ್ಲೂ ಮುಗಿಲು ಮುಟ್ಟೋ ಮರ ಇತ್ತು” ಅಂದಳು. ಅವಳ ಹೆಸರೂ ಎರಡೇ ಅಕ್ಷರ. ನಾನು ಹಾಲು ತರುವುದಕ್ಕೆ ಹೊರಗೆ ಹೋದೆ. ಹಾಲು ಮನೆಯಲ್ಲಿತ್ತು.

ಮಗಳ ಸೆಂಡ್‌ಆಫ್ ಸಾಂಗವಾಗಿ ನಡೆಯಿತು. ಶಾರದಾ ಪೂಜೆ, ಹಾಲ್ ಟಿಕೆಟ್ಟು, ಖಾರಾಬೂಂದಿ, ಮೈಸೂರುಪಾಕು. ಮೇಷ್ಟರುಗಳು ಒಬ್ಬರಾದ ಮೇಲೊಬ್ಬರು ಎದ್ದು, ನಿಮ್ಮಂಥ ಬ್ಯಾಚನ್ನು ನಾನು ಇದುವರೆಗೂ ನೋಡಿಲ್ಲ ಅಂದರಂತೆ. ಜೂನ್‌ನಿಂದ ಫೆಬ್ರುವರಿ ತನಕ ಇದೇ ವಾಕ್ಯವನ್ನು ಬೈಯುವುದಕ್ಕೆ ಬಳಸಿರುತ್ತಾರೆ. ಮಾರ್ಚಿನಲ್ಲಿ ಅದೇ ಹೊಗಳಿಕೆಯಾಗುತ್ತದೆ, ಒಂದಕ್ಷರ ಬದಲಾಗದೆ. ನಮಗೂ ಹೀಗೇ ಅಂದಿದ್ದರು, ನಿಮಗೂ ಅಂದಿದ್ದಾರೆ. ವಿಜ್ಞಾನದ ಮಿಸ್ ಒಬ್ಬರೇ ಹೊಸ ಮಾತಾಡಿದರಂತೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ಮಾಡಿದ್ದರಲ್ಲ, “ಮೂರು ಸಲ ಬರೀಬಹುದು ಮಕ್ಕಳೇ, ಆದ್ರೆ ಮೈಸೂರುಪಾಕು ಮಾತ್ರ ಒಂದೇ ಸಲ” ಅಂದರಂತೆ.

ಕೊನೆಯ ಪರೀಕ್ಷೆಯ ದಿನ ಮಗಳು ಮನೆಗೆ ಬಂದಾಗ ಬಿಳಿ ಅಂಗಿಯಲ್ಲಿ ಬಿಳಿ ಕಾಣುತ್ತಿರಲಿಲ್ಲ. ಬೆನ್ನು, ತೋಳು, ಕಾಲರು, ಎಲ್ಲೆಲ್ಲೂ ಮಾರ್ಕರಿನ ಸಹಿ. ಬೆನ್ನಿನ ನಟ್ಟನಡುವೆ ಆ ಫಸ್ಟ್ ರ‍್ಯಾಂಕಿನ ಹುಡುಗಿ, ‘ಈಗ್ಲೂ ಏನೂ ಓದಿಲ್ಲ ಕಣೇ’ ಅಂತ ಬರೆದಿದ್ದಳು. ಆ ಅಂಗಿಯನ್ನು ನನ್ನಾಕೆ ಎದುರು ಮನೆಯ ಹುಡುಗಿಗೆ ಮನಸ್ಸಿನಲ್ಲೇ ಕೊಟ್ಟಾಗಿತ್ತು, ಹಾಗಾಗಿ ಅವಳು ಹಣೆ ಚಚ್ಚಿಕೊಂಡಳು. ನಮ್ಮ ಕಾಲದಲ್ಲಿ (ಹೌದು, ಅಂದೆ) ಮಾರ್ಕರ್ ಎಲ್ಲಿತ್ತು? ಹೀರೋ ಪೆನ್ನಿಗೆ ಬ್ರಿಲ್ ಇಂಕು ತುಂಬಿ ಬೆನ್ನಿಗೆ ಝಾಡಿಸುತ್ತಿದ್ದೆವು. ಅದನ್ನು ನಮ್ಮಮ್ಮ 501 ಬಾರ್ ಸೋಪು ಹಾಕಿ ಬಾವಿಕಟ್ಟೆಯಲ್ಲಿ ಉಜ್ಜುತ್ತ, ಇಂಕು ಚೆಲ್ಲಿದವನ ಇಡೀ ವಂಶಕ್ಕೆ ಸಹಸ್ರನಾಮ ಮಾಡುತ್ತಿದ್ದರು.

ಪರೀಕ್ಷೆ ಮುಗಿದ ಔದಾರ್ಯದಲ್ಲಿ ಮಗಳು, “ಬೇಕಾದ್ರೆ ನೀನೂ ಒಂದು ಸೈನ್ ಹಾಕಪ್ಪಾ. ಮರ ಗಿರ ಬೇಡ” ಅಂದಳು. ನನ್ನ ಕಣ್ಣು ತುಂಬಿತು. ಅಂಗಿಯನ್ನು ಮಂಚದ ಮೇಲೆ ಹಾಸಿ, ಕಪ್ಪು ಮಾರ್ಕರ್ ಹಿಡಿದು, ಎಡಗೈ ತುದಿಯಲ್ಲಿ ಉಳಿದಿದ್ದ ಅಂಗೈಯಗಲ ಜಾಗದಲ್ಲಿ ಬ್ಯಾಂಕಿನವರೂ ಮೆಚ್ಚುವಂಥ ಸಹಿಯನ್ನು ಒತ್ತಿ ಒತ್ತಿ ಹಾಕಿದೆ. ಅಂಗಿ ಎತ್ತಿದರೆ ಅದೇ ಸಹಿ ಕೆಳಗಿನ ಬೆಡ್‌ಶೀಟಿನ ಮೇಲೂ ಮೂಡಿತ್ತು. ಆ ಬೆಡ್‌ಶೀಟು ಯುಗಾದಿಗೆ ತಂದದ್ದು, ಇನ್ನೂ ಒಂದು ನೀರೂ ಕಂಡಿರಲಿಲ್ಲ. “ಯಾರೂ ಕೇಳದಿದ್ರೂ ಆಟೋಗ್ರಾಫ್ ಕೊಡೋದು ಬಿಡಲ್ವಲ್ರೀ ನೀವು!” ಅಂತ ಶುರುವಾದದ್ದು ರಾತ್ರಿ ಊಟದ ತನಕ ನಡೆಯಿತು.

ಊಟವಾದ ಮೇಲೆ ಮಗಳು, ಮಾಡಲು ಬೇರೆ ಕೆಲಸವಿಲ್ಲದೆ, ಮತ್ತೆ ನನ್ನ ಆಟೋಗ್ರಾಫ್ ಹಿಡಿದು ಕೂತಳು. ಕೊನೆಯ ಪುಟದಲ್ಲಿ ಬರೆದವನೇ ಜೀವದ ಗೆಳೆಯ ಅನ್ನುವ ನಂಬಿಕೆ ಆಗಿತ್ತಲ್ಲ. ನನ್ನ ಪುಸ್ತಕದಲ್ಲಿ ಆ ಪುಟಕ್ಕೆ ಹೊಡೆದಾಡಿ ಗೆದ್ದವನು ಲಂಬು. ಅವನು ‘ಕೊನೆಯ ಪುಟ ನನಗೇ ಮೀಸಲು’ ಅಂತ ದೊಡ್ಡದಾಗಿ ಬರೆದು ಬಿಟ್ಟಿದ್ದ, ಬೇರೇನೂ ಇರಲಿಲ್ಲ. ಮಗಳು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, “ಅಪ್ಪಾ, ಇದು ಎರಡು ಹಾಳೆ, ಗೋಂದು ಹಾಕಿ ಅಂಟಿಸಿದಾರೆ” ಅಂದಳು. ಅಂಚಿನಲ್ಲಿ ಸಣ್ಣ ಅಕ್ಷರ: ‘ಮದುವೆಯಾದ ಮೇಲೆ ಹೆಂಡತಿಯ ಮುಂದೆ ತೆರೆಯತಕ್ಕದ್ದು.’

ನಾನು ಬೇಡ ಅನ್ನುವುದರೊಳಗೆ ನನ್ನಾಕೆ ಸ್ಟೀಲು ಸ್ಕೇಲು ತಂದಿದ್ದಳು. ಒಳಗಿದ್ದದ್ದು ಇಷ್ಟು:

‘ಅತ್ತಿಗೆಯವರಿಗೆ ನಮಸ್ಕಾರಗಳು. ಗ್ರೂಪ್ ಫೋಟೋ ಕಾಪಿಗೆಂದು ನಿಮ್ಮ ಯಜಮಾನರು ನನ್ನಿಂದ 11 ರೂಪಾಯಿ ಸಾಲ ಪಡೆದಿರುತ್ತಾರೆ. ಕೇಳಿದಾಗಲೆಲ್ಲ ಕವಿತೆ ಹೇಳುತ್ತಾರೆ. ದಯವಿಟ್ಟು ಇಸಿದುಕೊಡಿ.’

ಆ ಫೋಟೋದಲ್ಲಿ ನಾನಿಲ್ಲ. ಅಂದರೆ ಇದ್ದೇನೆ, ಆದರೆ ಲಂಬು ನನ್ನ ಮುಂದೆ ನಿಂತಿದ್ದರಿಂದ ಕಾಣುವುದಿಲ್ಲ. ಮರೆಮಾಡಿದವನೇ ಸಾಲವನ್ನೂ ಕೊಟ್ಟಿದ್ದ. ಇದನ್ನೆಲ್ಲ ನಾನು ವಿವರಿಸುತ್ತಿರುವಾಗಲೇ ಮಗಳು ಅಮ್ಮನ ಅಪ್ಪಣೆಯ ಮೇರೆಗೆ ಆ ಪುಟವನ್ನು ಗುಂಪಿಗೆ ಹಾಕಿಯಾಗಿತ್ತು. ಲಂಬುವಿನ ಉತ್ತರ ಚಕ್ಕನೆ ಬಂತು: “ಲೋ, ಈಗ ತೆರೆದ್ಯೇನೋ? ನಿನ್ನ ಮದುವೆಗೆ ನಾನು ಬಂದಿದ್ದೇ ಅದಕ್ಕೆ. ಎರಡನೇ ಪಂಕ್ತಿ ಮುಗಿಯೋ ತನಕ ಕಾದೆ.”

“ಬಡ್ಡಿ ಸಮೇತ ಕೊಡಬೇಕು” ಅಂದಳು ನನ್ನಾಕೆ. ಲಂಬು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ ಸಾಕು ಅಂತ ದೊಡ್ಡ ಮನಸ್ಸು ಮಾಡಿದ. ವರ್ಷಕ್ಕೆ ಶೇಕಡ 12, ಒಟ್ಟು 34 ವರ್ಷ. ಸರಳ ಬಡ್ಡಿ 44 ರೂಪಾಯಿ 88 ಪೈಸೆ, ಅಸಲು ಸೇರಿ 55 ರೂಪಾಯಿ 88 ಪೈಸೆ ಅಂತ ನಾನು ಥಟ್ಟನೆ ಹೇಳಿದೆ. ಗಣಿತದ ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

“ಚಕ್ರಬಡ್ಡಿ ಹಾಕಬೇಕಪ್ಪಾ. ಎಂಟನೇ ಕ್ಲಾಸಲ್ಲೇ ಮುಗಿಸಿದೀವಿ” ಅಂದ ಮಗಳು ಫೋನು ಒತ್ತಿ, 518 ರೂಪಾಯಿ 57 ಪೈಸೆ ಅಂತ ತೋರಿಸಿದಳು. ನಾನು ರಫ್ ಹಾಳೆ ಹುಡುಕಿ ಕ್ರಮ ಬರೆಯುವಷ್ಟರಲ್ಲಿ, ನನ್ನಾಕೆ ನನ್ನ ಫೋನಿನಿಂದಲೇ 519 ಕಳಿಸಿಬಿಟ್ಟಿದ್ದಳು.

ಲಂಬು ರಸೀದಿಯ ಬದಲು ಆ ಗ್ರೂಪ್ ಫೋಟೋವನ್ನೇ ಕಳಿಸಿದ. ತನ್ನ ಭುಜದ ಹಿಂದೆ ಕಾಣುವ ಕರ್ರಗಿನದೊಂದಕ್ಕೆ ಕೆಂಪು ಸುತ್ತು ಹಾಕಿ, ‘ಇದು ನೀನು’ ಅಂತ ಬರೆದಿದ್ದ. ಮೂರು ತಲೆಮಾರಿನ ಹೆಂಗಸರೂ ಫೋನಿನ ಮೇಲೆ ಬಗ್ಗಿದರು. ನನ್ನಾಕೆ ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಆಮೇಲೆ ನನ್ನ ನೆತ್ತಿಯನ್ನು ನೋಡಿದಳು.

“ಅಯ್ಯೋ ರೀ, ಇಷ್ಟೊಂದು ಕೂದಲಿತ್ತಾ ನಿಮಗೆ?”

“ಕೂದಲಿಗಿಂತ ಹೇನೇ ಜಾಸ್ತಿ ಇತ್ತು ಕಣಮ್ಮ” ಅಂದರು ನಮ್ಮಮ್ಮ.